ಗಿರ್ಮಿಟ್‌ಗೆ ಪುಣೆ ತೋರಿಸುವುದು

ಕಳೆದ ಸಂಚಿಕೆಯ ಅಂಕಣದ ಕೊನೆಯಲ್ಲಿ, ನಮ್ಮ ಮನೆಗೆ ಒಂದು ನಾಯಿಮರಿ ಬಂದಿದೆ ಅಂತ ಒಂದೇ ಸಾಲು ಬರೆದಿದ್ದೆ. ಬಾಡಿಗೆ ಕರಾರಿನ ಬಗ್ಗೆ ಬರೆದ ಎರಡು ಪುಟಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಆ ಒಂದು ಸಾಲಿಗೆ ಮಾತ್ರ ಮುಂಬೈ, ಹೈದರಾಬಾದ್, ದಿಲ್ಲಿಯಿಂದೆಲ್ಲ ಮೇಲ್ ಬಂದವು. ಹೆಚ್ಚಿನವರ ಪ್ರಶ್ನೆ ಒಂದೇ: ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ನಾಯಿ ಸಾಕಿದರೆ ಅದು ಬಂದುಹೋದವರಿಗೆಲ್ಲ ಬೊಗಳದಂತೆ, ಲಿಫ್ಟಿನಲ್ಲಿ ನಡುಗದಂತೆ, ಮಕ್ಕಳ ಮೈಮೇಲೆ ಹಾರದಂತೆ ಬೆಳೆಸಲು ಆಗುತ್ತದೆಯೇ?

ಆಗುತ್ತದೆ. ಆದರೆ ಅದಕ್ಕೊಂದು ಕಾಲ ಇದೆ, ಆ ಕಾಲ ಬಹಳ ಚಿಕ್ಕದು. ಮರಿ ಹುಟ್ಟಿದ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ. ಆ ದಿನಗಳಲ್ಲಿ ಮರಿ ಏನೇನು ನೋಡಿ, ಕೇಳಿ, ಮೂಸಿ, ಅದರಿಂದ ಕೇಡಾಗಲಿಲ್ಲ ಅಂತ ತಿಳಿಯುತ್ತದೋ ಅದೆಲ್ಲ ಅದರ ಲೆಕ್ಕದಲ್ಲಿ 'ಮಾಮೂಲು' ಅಂತ ದಾಖಲಾಗುತ್ತದೆ. ಆಮೇಲೆ ಕಂಡ ಹೊಸದನ್ನು ಅದು ಮೊದಲು ಅನುಮಾನದಿಂದಲೇ ನೋಡುತ್ತದೆ. ಕಾಡಿನಲ್ಲಿ ಬದುಕುವ ಪ್ರಾಣಿಗೆ ಅದು ಸರಿಯಾದ ಬುದ್ಧಿಯೇ. ನಾಲ್ಕು ನೂರು ಫ್ಲ್ಯಾಟುಗಳ ಸೊಸೈಟಿಯಲ್ಲಿ ಬದುಕಬೇಕಾದ ನಾಯಿಗೆ ಅದೇ ಬುದ್ಧಿ ಕಂಟಕ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದ ಕೆಲಸ. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳನ್ನು ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿಯ ಜೊತೆ ಬಿಟ್ಟಿದ್ದರು, ಮನುಷ್ಯರ ಮುಖ ಕಾಣದ ಹಾಗೆ. ಕೆಲವು ಮರಿಗಳನ್ನು 2, 3, 5, 7, 9ನೇ ವಾರದಲ್ಲಿ ಒಂದೊಂದು ವಾರ ಹೊರಗೆ ತಂದು ಮನುಷ್ಯರ ನಡುವೆ ಇಟ್ಟರು. ಕೆಲವನ್ನು 14ನೇ ವಾರದವರೆಗೂ ಹಾಗೇ ಬಿಟ್ಟರು. ಕೊನೆಯ ಗುಂಪಿನ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ಓಡಿದವು. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ನಾಯಿಗಳ ವರ್ತನೆಯ ಮೇಲೆ ಬರೆದ ದೊಡ್ಡ ಪುಸ್ತಕವನ್ನು ಇಂದಿಗೂ ಈ ವಿಷಯ ಓದುವವರು ಬಿಡುವುದಿಲ್ಲ.

ಬಾರ್ ಹಾರ್ಬರ್ ಯಾಕೆ, ನಮ್ಮ ಸಿ ವಿಂಗಿನಲ್ಲೇ ಇದನ್ನು ನೋಡಿದ್ದೇವೆ. 2020ರ ಲಾಕ್‌ಡೌನಿನಲ್ಲಿ ಅಲ್ಲೊಂದು ಕುಟುಂಬ ಗೋಲ್ಡನ್ ರಿಟ್ರೀವರ್ ಮರಿ ತಂದಿತು. ಜಗತ್ತಿನಲ್ಲೇ ಸಾಧು ನಾಯಿ ಅಂತ ಹೆಸರಾದ ಜಾತಿ. ಆದರೆ ಅದರ ಮೊದಲ ನಾಲ್ಕು ತಿಂಗಳು ಮನೆಗೆ ಒಬ್ಬ ನೆಂಟ ಬರಲಿಲ್ಲ, ಕೆಲಸದವರು ಬರಲಿಲ್ಲ, ಬಂದ ಒಬ್ಬಿಬ್ಬರ ಮುಖಕ್ಕೂ ಮಾಸ್ಕು. ಅದರ ಪ್ರಪಂಚದಲ್ಲಿ ಇದ್ದದ್ದು ಒಟ್ಟು ಮೂರು ಜನ. ಎರಡು ವರ್ಷ ತುಂಬಿದ ಮೇಲೆ ಒಂದು ದಿನ ಲಿಫ್ಟಿನ ಬಾಗಿಲು ತೆರೆದಾಗ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ ಕೊರಿಯರ್ ಹುಡುಗನ ಮುಂಗೈ ಕಚ್ಚಿತು. ಆಸ್ಪತ್ರೆ, ಇಂಜೆಕ್ಷನ್, ಸೊಸೈಟಿ ಮೀಟಿಂಗ್, ವಾಟ್ಸಾಪ್ ಗುಂಪಿನಲ್ಲಿ ಎರಡು ಪಂಗಡ. ನಾಯಿ ಬಾಲ್ಕನಿ ಸೇರಿತು. ಆರು ತಿಂಗಳ ನಂತರ ಅಲ್ಲೂ ಇರಲಿಲ್ಲ. ಮುಳಶಿ ಕಡೆ ಯಾರದೋ ತೋಟಕ್ಕೆ ಕೊಟ್ಟರಂತೆ. ಯಾರ ತೋಟ ಅಂತ ಕೇಳಿದರೆ ಮನೆಯವರು ಮಾತು ಬದಲಿಸುತ್ತಾರೆ, ಹೀಗಾಗಿ ನಾವು ಕೇಳುವುದು ಬಿಟ್ಟಿದ್ದೇವೆ. ಅವರು ಕೆಟ್ಟವರಲ್ಲ. ನಾಯಿಯೂ ಕೆಟ್ಟದಿರಲಿಲ್ಲ.

ಅವತ್ತು ಆ ಲಿಫ್ಟಿನೊಳಗೆ ನಮ್ಮ ಎದುರು ಮನೆಯ ಹುಡುಗಿಯೂ ಇದ್ದಳು. ಆಗ ಅವಳಿಗೆ ಐದು ವರ್ಷ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಮರಿ ಬೀದಿಯದು. ಆಫೀಸಿನ ಹಿಂದೆ ಕಟ್ಟುತ್ತಿರುವ ಕಟ್ಟಡದ ಮರಳಿನ ರಾಶಿಯ ಮೇಲೆ ಏಪ್ರಿಲ್ ಮೊದಲ ವಾರ ಹುಟ್ಟಿದ ಐದರಲ್ಲಿ ಒಂದು. ಅಲ್ಲಿ ದಿನಾ ಅನ್ನ ಹಾಕುವ ಹೆಣ್ಣುಮಕ್ಕಳಿಬ್ಬರು ಮರಿಗಳನ್ನು ಎಂಟು ವಾರ ತಾಯಿಯ ಹತ್ತಿರವೇ ಬಿಟ್ಟರು, ಯಾರು ಕೇಳಿದರೂ ಮೊದಲೇ ಕೊಡಲಿಲ್ಲ. ಇದು ಮುಖ್ಯ. ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಕಿವಿ ಕಚ್ಚಿ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ ಅದೇ ಜಾಗಕ್ಕೆ ತಂದುಬಿಟ್ಟರು.

ಆಫೀಸಿನ ಗೆಳೆಯನೊಬ್ಬ ಕೇಳಿದ: ಕರ್ನಾಟಕದವನಾಗಿ ಬೀದಿನಾಯಿ ಯಾಕೆ, ಮುಧೋಳ ತರಬಾರದಿತ್ತೇ? 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ, ಮರಾಠಿಗರು ಕಾರವಾನ್ ಅಂತ ಕರೆಯುತ್ತಾರೆ, ಇಲ್ಲಿಯೂ ಅದಕ್ಕೆ ಮರ್ಯಾದೆ ಉಂಟು. ನಿಜ. ಆದರೆ ಅದು ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ಬೇಟೆನಾಯಿ, ಹೊರಗಿನವರೊಡನೆ ಬಿಗುಮಾನ ಬೇರೆ. ನನ್ನ 2 ಬಿಎಚ್‌ಕೆ ಯಾವ ಬಯಲಿಗೂ ಸಮವಲ್ಲ.

ಕಂದು, ಬಿಳಿ, ನಡುನಡುವೆ ಕರಿ ಚುಕ್ಕೆ. ಧಾರವಾಡದವರಾದ ನಮಗೆ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ: ಗಿರ್ಮಿಟ್. ಆದರೆ ಮರಾಠಿಯಲ್ಲಿ ಗಿರಮಿಟ್ ಅಂದರೆ ಬಡಿಗ ಮರಕ್ಕೆ ತೂತು ಕೊರೆಯುವ ಸಾಧನ. ಕೆಳಗಿನ ಮನೆಯ ಆಜೋಬಾ ಹೆಸರು ಕೇಳಿ ಒಂದು ನಿಮಿಷ ಯೋಚಿಸಿ, ನನ್ನ ಚಪ್ಪಲಿಯ ಸ್ಥಿತಿ ನೋಡಿ, "ಬರೋಬರ್ ಆಹೇ" ಅಂದರು.

ಜೂನ್ ಮೊದಲ ವಾರ ಮನೆಗೆ ಬಂದಾಗ ಅವನಿಗೆ ಎಂಟು ವಾರ. ಅಂದರೆ ನಮ್ಮ ಕೈಯಲ್ಲಿ ಇದ್ದದ್ದು ಹೆಚ್ಚೆಂದರೆ ಆರು ವಾರ. ಇಲ್ಲೇ ದೊಡ್ಡ ತೊಡಕು. ಡಾಕ್ಟರು ಹೇಳುವುದು: ಲಸಿಕೆಗಳೆಲ್ಲ ಮುಗಿಯುವವರೆಗೆ ನೆಲಕ್ಕಿಡಬೇಡಿ. ಪಾರ್ವೊ, ಡಿಸ್ಟೆಂಪರ್ ತಡೆಯುವ ಲಸಿಕೆ 6-8ನೇ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16ನೇ ವಾರದ ತನಕ ನಡೆಯುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಲಸಿಕೆಗೇ ಅಡ್ಡ ಬರುತ್ತದೆ, ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಹೇಳಲಾಗದು, ಅದಕ್ಕೇ ಪದೇ ಪದೇ ಹಾಕುವುದು. ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವಂಥದ್ದು, ರೋಗ ಹತ್ತಿದ ಮರಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಹೀಗಾಗಿ ಡಾಕ್ಟರ ಹೆದರಿಕೆ ಸುಳ್ಳಲ್ಲ. ಆದರೆ 16 ವಾರ ಕಾಯ್ದರೆ ಕಲಿಯುವ ಕಾಲ ಮುಗಿದಿರುತ್ತದೆ.

ಅಮೆರಿಕದಲ್ಲಿ ಪ್ರಾಣಿಗಳ ವರ್ತನೆಯನ್ನೇ ಅಭ್ಯಾಸ ಮಾಡುವ ಪಶುವೈದ್ಯರ ಸಂಘವೊಂದಿದೆ, ಎವಿಎಸ್‌ಎಬಿ ಅಂತ. ಅದರ 2008ರ ಹೇಳಿಕೆ ಈ ಜಗ್ಗಾಟದಲ್ಲಿ ಒಂದು ಕಡೆ ನಿಂತಿತು. ಮೊದಲ ಲಸಿಕೆ ಹಾಕಿಸಿ ಏಳು ದಿನ ಕಳೆದರೆ 7-8 ವಾರದ ಮರಿಯನ್ನೂ ಮರಿಗಳ ಕ್ಲಾಸಿಗೆ ಕರೆದೊಯ್ಯಬಹುದು, ಯಾಕೆಂದರೆ ಮೂರು ವರ್ಷದೊಳಗಿನ ನಾಯಿಗಳು ಹೆಚ್ಚಾಗಿ ಸಾಯುವುದು ಸೋಂಕಿನಿಂದಲ್ಲ, ವರ್ತನೆಯ ತೊಂದರೆಯಿಂದ ಅಂತ. ಅಂದರೆ ಮನೆಯವರು ಕೈಬಿಟ್ಟು, ಆಶ್ರಯಧಾಮ ಸೇರಿ, ಕೊನೆಗೆ ಚುಚ್ಚುಮದ್ದು. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ, ನಮ್ಮ ಬೀದಿಗಳಲ್ಲಿ ಲಸಿಕೆ ಕಾಣದ ನಾಯಿಗಳು ಬಹಳ. ನಾವು ಡಾಕ್ಟರ ಜೊತೆ ಕೂತು ಮಾಡಿಕೊಂಡ ಒಪ್ಪಂದ ಇಷ್ಟು: ಮರಿ ಹೊರಗೆ ಹೋಗಬಹುದು, ಕಾಲು ನೆಲಕ್ಕೆ ತಾಗಬಾರದು.

ಮಗಳು ಚಿಕ್ಕವಳಿದ್ದಾಗ ಅವಳನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಚೀಲ ಅಟ್ಟದಿಂದ ಇಳಿಯಿತು. ದಿನಾ ಬೆಳಿಗ್ಗೆ ಏಳಕ್ಕೆ, ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ, ನಾನು ಎದೆಗೆ ನಾಯಿ ಕಟ್ಟಿಕೊಂಡು ಸೊಸೈಟಿಯ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ನೋಡಿದವರು ಏನಂದುಕೊಂಡರೋ ಬಿಡಿ. ಹತ್ತು ನಿಮಿಷ ಸಾಕು. ಹಾಲಿನವನ ಗಾಡಿ, ಶಾಲೆಯ ಬಸ್ಸು, ರೇನ್‌ಕೋಟ್ ಹಾಕಿದ ಪೇಪರ್ ಹುಡುಗ, ಕೋಲು ಹಿಡಿದ ಆಜೋಬಾ, ಬುರ್ಖಾ ತೊಟ್ಟ ಡಾಕ್ಟರಮ್ಮ, ಗಡ್ಡದವರು, ಪಗಡಿಯವರು, ಹೆಲ್ಮೆಟ್ಟಿನವರು. ಪುಣೆಯ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ ಕಾಲ. ಫಟ್ಟನೆ ತೆರೆಯುವ ಕೊಡೆಗಿಂತ ಹೆದರಿಸುವ ವಸ್ತು ಮರಿಗೆ ಇನ್ನೊಂದಿಲ್ಲ. ಪ್ರತಿ ಹೊಸ ವಸ್ತುವಿಗೂ ಒಂದು ಪನೀರಿನ ಚೂರು. ಕೊಡೆ ಕಂಡಿತು, ಪನೀರು ಬಂತು. ನಾಲ್ಕು ದಿನಕ್ಕೆ ಕೊಡೆ ಕಂಡರೆ ಅವನು ನನ್ನ ಕೈ ನೋಡಲಾರಂಭಿಸಿದ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಸೋಷಿಯಲೈಸ್ ಮಾಡುವುದು ಅಂದರೆ ಕಂಡಕಂಡವರ ಕೈಗೆ ಮರಿ ಕೊಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಹತ್ತು ಮಕ್ಕಳು ಸುತ್ತುವರಿದು ಎಳೆದಾಡಿದರೆ ಮರಿ ಕಲಿಯುವ ಪಾಠ ಒಂದೇ, ಮಕ್ಕಳು ಅಪಾಯ. ಅದರಲ್ಲೂ 8-10ನೇ ವಾರದಲ್ಲಿ ತಾಗಿದ ಹೆದರಿಕೆ ಬೇಗ ಬಿಡುವುದಿಲ್ಲ. ನಮಗೆ ಬೇಕಾದದ್ದು ಜನರನ್ನು ಕಂಡು ಕುಣಿಯುವ ನಾಯಿ ಕೂಡ ಅಲ್ಲ, ಜನರನ್ನು ಕಂಡು ಸುಮ್ಮನಿರುವ ನಾಯಿ. ಮರಿ ತುಟಿ ನೆಕ್ಕಿಕೊಂಡರೆ, ನಿದ್ದೆ ಬಾರದೆಯೂ ಆಕಳಿಸಿದರೆ, ಕಿವಿ ಹಿಂದಕ್ಕೆ ಮಡಚಿ ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸಿದರೆ, ಅದು 'ಸಾಕು' ಅನ್ನುತ್ತಿದೆ ಅಂತ ಅರ್ಥ. ಯಾರಾದರೂ ಮುಟ್ಟಬೇಕೆಂದರೆ ಮೂರು ಸೆಕೆಂಡು ಸವರಿ ಕೈ ತೆಗೆಯಲು ಹೇಳುತ್ತೇನೆ. ಅವನಾಗಿಯೇ ಮುಂದೆ ಬಂದರೆ ಇನ್ನೊಮ್ಮೆ. ಹಿಂದೆ ಸರಿದರೆ ಅಲ್ಲಿಗೆ ಮುಗಿಯಿತು. ದೊಡ್ಡವರಿಗಿಂತ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಸೂಟ್‌ಕೇಸ್ ಹಿಡಿದ ಒಬ್ಬ ಮಹಾಶಯರು "ನಾಯಿಗಳಿಗೆ ನಾನಂದ್ರೆ ಪ್ರಾಣ" ಅನ್ನುತ್ತ ಮುಖಕ್ಕೆ ಮುಖ ತಂದು ನಿಂತಾಗ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಮನೆಯೊಳಗಿನ ಪಟ್ಟಿಯೂ ಉದ್ದ ಇತ್ತು. ಕುಕ್ಕರಿನ ಸೀಟಿ, ಮಿಕ್ಸಿ, ವಾಷಿಂಗ್ ಮೆಷೀನಿನ ಕೊನೆಯ ಸುತ್ತು, ಲಿಫ್ಟಿನ ಕುಲುಕು, ತೇವದ ಟೈಲ್ಸು, ಕಬ್ಬಿಣದ ಜಾಲರಿ. ಉಗುರು, ಕಿವಿ, ಬಾಯೊಳಗೆ ದಿನಾ ಒಮ್ಮೆ ಮುಟ್ಟಿ ನೋಡುವುದು, ನಾಳೆ ಡಾಕ್ಟರು ಮುಟ್ಟಿದಾಗ ಕಚ್ಚದಿರಲಿ ಅಂತ. ಇವನ್ನೆಲ್ಲ ವಿವರಿಸುವುದಿಲ್ಲ, ಬೇಕಾದವರು ಮೇಲ್ ಮಾಡಿ, ಪಟ್ಟಿ ಕಳಿಸುತ್ತೇನೆ.

ಮನೆಯಲ್ಲಿ ಸೋಷಿಯಲೈಸ್ ಆಗಬೇಕಾದ ಇನ್ನೊಬ್ಬರಿದ್ದರು. ಅವ್ವ. ಜೂನಿನಲ್ಲಿ ಧಾರವಾಡದಿಂದ ಎರಡು ತಿಂಗಳಿಗೆ ಅಂತ ಬಂದವಳು ಬಾಗಿಲಲ್ಲೇ ನಿಂತಳು. "ನಾಯಿ ಅಂದ್ರ ಅಂಗಳದಾಗ ಇರಬೇಕಪಾ. ದೇವರ ಜಗಲಿ ಮುಂದ ಅದಕ್ಕೇನು ಕೆಲಸ?" ಅಂಗಳ ಎಲ್ಲಿಂದ ತರಲಿ ಅಂದೆ. "ಅಂಗಳ ಇಲ್ಲದವರು ನಾಯಿ ತರಬಾರದು" ಅಂದಳು. ತರ್ಕದಲ್ಲಿ ಅವಳನ್ನು ಗೆಲ್ಲುವುದು ನನಗೆ ಎಂದೂ ಆಗಿಲ್ಲ. ಒಂದು ವಾರ ಅವಳು ಸೋಫಾ ಮೇಲೆ ಕಾಲು ಮಡಚಿ ಕೂತಳು, ಅವನು ಅಡುಗೆಮನೆಯ ಬಾಗಿಲಿಗೆ ಹಾಕಿದ ಮರದ ಅಡ್ಡಪಟ್ಟಿಯ ಆಚೆ ಕೂತು ಅವಳನ್ನೇ ನೋಡಿದ. ಯಾರು ಯಾರಿಗೆ ರೂಢಿಯಾಗುತ್ತಿದ್ದಾರೆ ಹೇಳುವುದು ಕಷ್ಟವಿತ್ತು.

ದಾರಿ ತೋರಿಸಿದವನು ನಮ್ಮ ಮನೆದೇವರು. ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶ. ಮೈಲಾರ ಅನ್ನಿ, ಮಾಲತೇಶ ಅನ್ನಿ, ಇಲ್ಲಿಯ ಜೇಜುರಿಯ ಖಂಡೋಬಾ ಅನ್ನಿ, ಎಲ್ಲ ಒಬ್ಬನೇ. ಅವನು ಹೋದಲ್ಲಿ ನಾಯಿ ಇರಲೇಬೇಕು. ಗೊರವರು ದೇವರ ನಾಯಿಗಳಾಗಿ ಬೊಗಳುತ್ತ ದೋಣಿಯಲ್ಲಿಟ್ಟ ಪ್ರಸಾದ ತಿನ್ನುವುದನ್ನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದವನು ನಾನು. ಇದನ್ನು ನಾನು ಅವ್ವನಿಗೆ ನೆನಪಿಸಲಿಲ್ಲ, ಅಷ್ಟು ಧೈರ್ಯ ಇಲ್ಲ. ಜೇಜುರಿಗೆ ಹೋಗಿ ಬಂದ ಭಾನುವಾರ ಸಂಜೆ, ಕೈಗೆ ಹತ್ತಿದ ಭಂಡಾರ ತೊಳೆಯದೇ ಕೂತಿದ್ದವಳು ಗಿರ್ಮಿಟ್‌ನ ಹಣೆಗೆ ಅದೇ ಬೆರಳಿನಿಂದ ಒಂದಿಷ್ಟು ಹಚ್ಚಿ, "ಇರ್ಲಿ ತಗೋ" ಅಂದಳು. ಮರುದಿನದಿಂದ ಜೋಳದ ರೊಟ್ಟಿಯ ಅಂಚು ಅವನಿಗೆ ಮೀಸಲು.

ಒಂದು ವಿಷಯಕ್ಕೆ ಮಾತ್ರ ಅವಳ ಜೊತೆ ಗಟ್ಟಿಯಾಗಿ ಮಾತಾಡಬೇಕಾಯಿತು. ಪ್ರಸಾದದ ಒಣದ್ರಾಕ್ಷಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡಕ್ಕೇ ಹೊಡೆತ. ಚಾಕೊಲೇಟ್, ಉಳ್ಳಾಗಡ್ಡಿ ಕೂಡ ಬೇಡ. ನಮ್ಮ ಕಡೆಯ ಮನೆಗಳಲ್ಲಿ ಪ್ರೀತಿಯಿಂದ ಕೊಡುವ ಶಿರಾ, ಚೂಡಾ ಎರಡರಲ್ಲೂ ಇವುಗಳಲ್ಲಿ ಒಂದಲ್ಲ ಒಂದು ಇರುತ್ತದೆ. ಫ್ರಿಜ್ಜಿನ ಮೇಲೆ ಮಗಳು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ.

ಭಾಷೆಯ ಪ್ರಶ್ನೆ ನಮ್ಮಂಥವರಿಗೆ ಮಾತ್ರ ಬರುವಂಥದ್ದು. ನಾಯಿಗೆ ಒಂದು ಕೆಲಸಕ್ಕೆ ಒಂದೇ ಶಬ್ದ ಬಳಸಿ ಅಂತ ಎಲ್ಲ ತರಬೇತುದಾರರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ನಾನು, ಅವ್ವ ಕನ್ನಡ, ಮಗಳು ಇಂಗ್ಲಿಷ್, ಅಡುಗೆಗೆ ಬರುವ ಮಾವಶಿ ಮರಾಠಿ, ವಾಚ್‌ಮನ್ ಹಿಂದಿ. ಮಾವಶಿ "ಬಸ್" ಅಂದರೆ ಕುಳಿತುಕೋ. ಹೆಂಡತಿ ಕಚ್ಚಾಟ ನಿಲ್ಲಿಸಲು ಹಿಂದಿಯಲ್ಲಿ "ಬಸ್" ಅಂದರೆ ಸಾಕು. ಮಗಳು ಬಸ್ ಬಂತು ಅಂತ ಕೂಗಿದರೆ ಶಾಲೆಯ ವಾಹನ. ಮೂರಕ್ಕೂ ಅವನು ಪಟ್ಟನೆ ಕೂರುತ್ತಾನೆ. ನೋಡಿದರೆ ಮೂರೂ ಸಂದರ್ಭದಲ್ಲಿ ಅವನು ಕೂತರೆ ಎಲ್ಲರಿಗೂ ಅನುಕೂಲವೇ, ಹಾಗಾಗಿ ತಿದ್ದಲಿಲ್ಲ. ಕರೆಯುವುದಕ್ಕೆ ಮಾತ್ರ ಎಲ್ಲರೂ "ಬಾ" ಅನ್ನಬೇಕು ಅಂತ ಕಟ್ಟುನಿಟ್ಟು. ಈಗ ಸೊಸೈಟಿಯ ಗುಜರಾತಿ, ಬಂಗಾಳಿ ಮಕ್ಕಳೂ "ಗಿರ್ಮಿಟ್, ಬಾ!" ಅಂತ ಕೂಗುತ್ತವೆ. ಹನ್ನೊಂದು ವರ್ಷದಲ್ಲಿ ಈ ಕಟ್ಟಡಕ್ಕೆ ನಾನು ಕಲಿಸಿದ ಏಕೈಕ ಕನ್ನಡ ಶಬ್ದ.

ಎದುರು ಮನೆಯ ಹುಡುಗಿಗೆ ಈಗ ಎಂಟು ವರ್ಷ. ನಾವು ಮರಿ ತರುವ ಮೊದಲೇ ಅವಳ ತಾಯಿಗೆ ಹೇಳಿದ್ದೆವು. ಆಕೆ ಬೇಡ ಅನ್ನಲಿಲ್ಲ, ಆದರೆ ಮುಖದಲ್ಲಿ ಇದ್ದದ್ದು ಒಪ್ಪಿಗೆಯೂ ಅಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ಪ್ರಕಾರ ಸೊಸೈಟಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಆ ಕಾಗದ ನನ್ನ ಹತ್ತಿರವೂ ಇದೆ. ಆದರೆ ಲಿಫ್ಟಿನ ಬಾಗಿಲು ತೆರೆದಾಗ ಮಗುವಿನ ಮುಖ ಬಿಳಿಚಿಕೊಂಡರೆ ಆ ಕಾಗದ ತೋರಿಸುತ್ತೀರಾ? ಅವಳು ಲಿಫ್ಟಿಗೆ ಕಾಯುತ್ತಿದ್ದರೆ ನಾವು ಮೆಟ್ಟಿಲು ಹಿಡಿಯುತ್ತೇವೆ. ಎಂಟು ಮಹಡಿ. ನನ್ನ ಹೊಟ್ಟೆಗೂ ಒಳ್ಳೆಯದೇ.

ಮೂರನೇ ವಾರ ಹುಡುಗಿ ತಾನಾಗಿ ಬಾಗಿಲು ಅರ್ಧ ತೆರೆದು ನಿಂತಳು. ನಾವು ಕಾರಿಡಾರಿನ ಇನ್ನೊಂದು ತುದಿಯಲ್ಲಿ, ಮರಿ ಹಗ್ಗದಲ್ಲಿ, ಹಗ್ಗ ನನ್ನ ಕಾಲಡಿ. ಅವಳಿಗೆ ಬೇಯಿಸಿದ ಗಜ್ಜರಿಯ ಚೂರು ಕೊಟ್ಟೆವು, ಬೇಕಾದರೆ ಎಸೆ ಅಂತ. ಮೊದಲ ದಿನ ಎಸೆಯಲಿಲ್ಲ. ಎರಡನೇ ದಿನ ಎಸೆದು ಬಾಗಿಲು ಹಾಕಿಕೊಂಡಳು. ಆಮೇಲೆ ಬಾಗಿಲು ತೆರೆದೇ ಉಳಿಯಿತು. ಈ ಆಟದಲ್ಲಿ ಇಬ್ಬರೂ ಕಲಿಯುತ್ತಿದ್ದರು: ಚಿಕ್ಕ ಮನುಷ್ಯರಿಂದ ಗಜ್ಜರಿ ಬರುತ್ತದೆ ಅಂತ ಅವನು, ನಾಯಿ ಓಡಿ ಬರುವುದು ತನ್ನ ಕಡೆಗಲ್ಲ ಗಜ್ಜರಿಯ ಕಡೆಗೆ ಅಂತ ಅವಳು. ಜುಲೈ ಕೊನೆಗೆ ಒಂದು ಸಂಜೆ ನಾವು ಮೆಟ್ಟಿಲಿನತ್ತ ತಿರುಗಿದಾಗ ಅವಳೇ ಲಿಫ್ಟಿನ ಬಾಗಿಲು ಹಿಡಿದು ನಿಂತು, "ಅಂಕಲ್, ಅವನು ಹಿಂದಿನ ಮೂಲೆಯಲ್ಲಿ ನಿಲ್ಲುತ್ತಾನಾ?" ಅಂತ ಕೇಳಿದಳು. ನಿಂತ. ಎಂಟು ಮಹಡಿ ಯಾರೂ ಮಾತಾಡಲಿಲ್ಲ. ಇವತ್ತಿನ ತನಕ ಅವಳು ಅವನನ್ನು ಮುಟ್ಟಿಲ್ಲ. ಮುಟ್ಟಲೇಬೇಕು ಅಂತ ಏನೂ ಇಲ್ಲ.

ಇದನ್ನು ಬರೆಯುವಾಗ ಗಿರ್ಮಿಟ್‌ಗೆ ಹತ್ತೊಂಬತ್ತು ವಾರ. ಲಸಿಕೆಗಳು ಮುಗಿದಿವೆ, ಮೂರು ತಿಂಗಳು ತುಂಬಿದ ಮೇಲೆ ರೇಬೀಸಿನದೂ ಆಗಿದೆ, ಕಾಲು ನೆಲ ಮುಟ್ಟಿವೆ. ಕೆಲಸ ಮುಗಿಯಿತು ಅಂತಲ್ಲ. ಆರು ತಿಂಗಳ ನಂತರ ಹರೆಯ ಬರುತ್ತದೆ, ಆಗ ಗೊತ್ತಿದ್ದದ್ದಕ್ಕೂ ಹೊಸದಾಗಿ ಹೆದರುವ ದಿನಗಳು ಬರುತ್ತವಂತೆ. ಮನುಷ್ಯರ ಮಕ್ಕಳ ಹಾಗೆಯೇ.

ಸದ್ಯದ ಪರೀಕ್ಷೆ ಬೇರೆಯೇ ಇದೆ. ಪುಣೆಯಲ್ಲಿ ಇರುವವರಿಗೆ ಹೇಳಬೇಕಿಲ್ಲ, ಗಣೇಶೋತ್ಸವಕ್ಕೆ ಒಂದೆರಡು ತಿಂಗಳ ಮುಂಚಿನಿಂದಲೇ ನದಿ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ ತಾಲೀಮು. ನಮಗೇ ಎದೆ ನಡುಗುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸಿಗೆ ನಿಂತರೆ ನಾಯಿಯದು ಸುಮಾರು 45ರವರೆಗೆ ಕೇಳುತ್ತದೆ, ತಾಶಾದ ಆ ಚುರುಕು ಸದ್ದು ಅವನಿಗೆ ಹೇಗೆ ಕೇಳುತ್ತದೋ. ಜೂನಿನಿಂದ ಊಟದ ಹೊತ್ತಿಗೆ ಫೋನಿನಲ್ಲಿ ಢೋಲಿನ ರೆಕಾರ್ಡಿಂಗ್ ಅತಿ ಸಣ್ಣಗೆ ಹಾಕುತ್ತ, ವಾರಕ್ಕೊಂದು ಗೀಟು ಏರಿಸುತ್ತ ಬಂದಿದ್ದೇವೆ. ಈಗ ಸಂಜೆ ಕಾರಿನಲ್ಲಿ ಕರೆದೊಯ್ದು ದೂರದಲ್ಲಿ ನಿಲ್ಲಿಸಿ, ಕಿಟಕಿ ಒಂದಿಂಚು ಇಳಿಸಿ, ಅವನು ಪನೀರು ತಿನ್ನುತ್ತಿದ್ದಾನಾ ನೋಡುವುದು. ತಿಂದರೆ ಮರುದಿನ ಹತ್ತು ಹೆಜ್ಜೆ ಹತ್ತಿರ. ಪನೀರಿಗೂ ಮುಖ ತಿರುಗಿಸಿದರೆ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು, ಕಾರು ವಾಪಸು. "ಒಮ್ಮೆ ನಡುವೆ ನಿಲ್ಲಿಸಿಬಿಡು, ತಾನೇ ರೂಢಿಯಾಗ್ತದ" ಅನ್ನುವವರು ಆಫೀಸಿನಲ್ಲೂ ಇದ್ದಾರೆ. ಹಾಗೆ ಮಾಡಿದ ನಾಯಿ ಸುಮ್ಮನಾಗುವುದುಂಟು, ಅದು ಧೈರ್ಯದಿಂದ ಅಲ್ಲ, ಕೈಚೆಲ್ಲಿ.

ವಿಸರ್ಜನೆಯ ರಾತ್ರಿ ಮಾತ್ರ ಅವನನ್ನು ಎಲ್ಲಿಗೂ ಒಯ್ಯುವುದಿಲ್ಲ. ಒಳಗಿನ ಕೋಣೆ, ಎಳೆದ ಪರದೆ, ಜೋರಾಗಿ ತಿರುಗುವ ಫ್ಯಾನು, ಜೊತೆಗೊಬ್ಬರು. ಆ ಒಬ್ಬರಾಗಿರಲು ಅವ್ವ ಧಾರವಾಡದಿಂದ ಮತ್ತೆ ಬರುತ್ತೇನೆ ಅಂದಿದ್ದಾಳೆ. ನನ್ನನ್ನು ನೋಡಲಿಕ್ಕಲ್ಲ ಅಂತ ಫೋನಿನಲ್ಲೇ ಸ್ಪಷ್ಟ ಮಾಡಿದಳು.